ಬೆಂಚಿನ ಹುಡುಗರು ಆಟಕ್ಕೂ ಉಂಟು, ಲೆಕ್ಕಕ್ಕೂ ಉಂಟು

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ತಮ್ಮ ಪತ್ರಿಕೆಯ ಕ್ರೀಡಾಪುಟದಲ್ಲಿ ಬ್ಯಾಸ್ಕೆಟ್‌ಬಾಲ್‌ಗೆ ಅಪರೂಪಕ್ಕೆ ದೊರೆಯುವ ಎಂಟು-ಹತ್ತು ಸಾಲುಗಳನ್ನು ಕತ್ತರಿಸಿ ಫೈಲಿನಲ್ಲಿಟ್ಟುಕೊಳ್ಳುವ ಓದುಗ ನಾನು. ಗೆದ್ದ ತಂಡ ಯಾವುದು, ಅಂತರ ಎಷ್ಟು, ಅತಿ ಹೆಚ್ಚು ಅಂಕ ಗಳಿಸಿದವರು ಯಾರು ಎಂಬ ಮೂರು ಸಂಗತಿಗಳು ಅವುಗಳಲ್ಲಿ ತಪ್ಪದೆ ಇರುತ್ತವೆ. ಆರಂಭದ ಐವರಲ್ಲಿ ಸ್ಥಾನ ಸಿಗದೆ ಬದಲಿ ಆಟಗಾರನಾಗಿ ಕಾದು, ಬೆಂಚಿನಿಂದ ಎದ್ದು ಬಂದು, ಕೈಜಾರುತ್ತಿದ್ದ ಪಂದ್ಯವನ್ನು ಎತ್ತಿ ನಿಲ್ಲಿಸಿದ ಹುಡುಗನ ಹೆಸರು ಮಾತ್ರ ಸಿಗುವುದಿಲ್ಲ. ಮಕ್ಕಳ ಆಟದಲ್ಲಿ ಚಿಕ್ಕವರನ್ನು ಸಮಾಧಾನಪಡಿಸಲು ‘ಆಟಕ್ಕುಂಟು, ಲೆಕ್ಕಕ್ಕಿಲ್ಲ’ ಎನ್ನುತ್ತೇವಲ್ಲ, ಬೆಂಚಿನ ಆಟಗಾರರನ್ನು ನಾವು ಹಾಗೆಯೇ ನೋಡುತ್ತ ಬಂದಿದ್ದೇವೆ. ಆ ನೋಟ ತಪ್ಪೆಂದು ನನಗೆ ಬಲವಾಗಿ ಅನ್ನಿಸಿರುವುದರಿಂದ ಈ ಪತ್ರವನ್ನು ಬರೆಯುತ್ತಿದ್ದೇನೆ.

2025ರ ಜೂನ್‌ನಲ್ಲಿ ಒಕ್ಲಹೋಮಾ ಸಿಟಿ ಥಂಡರ್ ಮತ್ತು ಇಂಡಿಯಾನಾ ಪೇಸರ್ಸ್ ತಂಡಗಳ ನಡುವೆ ನಡೆದ, ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯ ಫೈನಲ್ಸ್ ಸರಣಿಯನ್ನೇ ನೋಡಬಹುದು. ಎರಡನೆಯ ಪಂದ್ಯವನ್ನು ಥಂಡರ್ 123–107ರಿಂದ ಗೆದ್ದಾಗ, ಬೆಂಚಿನಿಂದ ಬಂದ ಅಲೆಕ್ಸ್ ಕರೂಸೊ 20 ಅಂಕಗಳನ್ನೂ ಆರನ್ ವಿಗ್ಗಿನ್ಸ್ 18 ಅಂಕಗಳನ್ನೂ ಗಳಿಸಿದ್ದರು. ಕರೂಸೊ ಅವರನ್ನು, ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಯಾವ ತಂಡವೂ ಆರಿಸಿಕೊಂಡಿರಲಿಲ್ಲ. ವಿಗ್ಗಿನ್ಸ್ ಅವರು 2021ರಲ್ಲಿ ಆಯ್ಕೆಯಾದ 60 ಮಂದಿಯಲ್ಲಿ 55ನೆಯವರು. ಅಲ್ಲಿನ ರಾತ್ರಿಯ ಪಂದ್ಯ ನಮಗೆ ಬೆಳಗಿನ ಹೊತ್ತಾದ್ದರಿಂದ, ಮೂರನೆಯ ಪಂದ್ಯದ ಕೊನೆಯ ಭಾಗವನ್ನು ನಾನು ಡೊಂಬಿವಲಿಯಿಂದ ಹೊರಟ ಲೋಕಲ್‌ನಲ್ಲಿ, ಬಾಗಿಲ ಬಳಿಯ ಕಂಬಿ ಹಿಡಿದು ನಿಂತು, ಮೊಬೈಲಿನಲ್ಲಿ ನೋಡಿದೆ. ಪಂದ್ಯದ ನಾಲ್ಕು ಕ್ವಾರ್ಟರ್‌ಗಳಲ್ಲಿ (ಕಾಲುಭಾಗಗಳಲ್ಲಿ) ಮೂರು ಮುಗಿದಾಗ ಐದು ಅಂಕ ಹಿಂದಿದ್ದ ಪೇಸರ್ಸ್ ಕೊನೆಗೆ 116–107ರಿಂದ ಗೆದ್ದಿತು. ಅಂದು ಅದರ ಬೆಂಚು ಗಳಿಸಿದ್ದು 49 ಅಂಕ, ಎದುರಾಳಿಯ ಬೆಂಚು ಗಳಿಸಿದ್ದು 18. ಇಪ್ಪತ್ತೆರಡು ವರ್ಷದ ಬೆನೆಡಿಕ್ಟ್ ಮ್ಯಾಥುರಿನ್ ಇಪ್ಪತ್ತೆರಡೇ ನಿಮಿಷ ಆಡಿ 27 ಅಂಕ ಗಳಿಸಿದ್ದರು. ಹಿಂದಿನ ವರ್ಷ ಭುಜದ ಗಾಯದಿಂದಾಗಿ ಪ್ಲೇಆಫ್ (ಲೀಗ್ ಹಂತದ ನಂತರದ ನಾಕೌಟ್ ಹಂತ) ಪಂದ್ಯಗಳಲ್ಲಿ ಒಂದನ್ನೂ ಆಡಲಾಗದೆ, ತಮ್ಮ ತಂಡ ಮುನ್ನಡೆಯುವುದನ್ನು ಹೊರಗೆ ಕುಳಿತು ನೋಡಿದ್ದ ಹುಡುಗ ಅವರು.

ಇದನ್ನು ಅದೃಷ್ಟವೆಂದು ತಳ್ಳಿಹಾಕುವವರು ಸ್ವಲ್ಪ ಲೆಕ್ಕ ಹಾಕಿ ನೋಡಬೇಕು. ಎನ್‌ಬಿಎ ಪಂದ್ಯ 48 ನಿಮಿಷಗಳದ್ದು. ಅಂಕಣದಲ್ಲಿ ಸದಾ ಐವರು ಇರುವುದರಿಂದ ಒಂದು ತಂಡಕ್ಕೆ ಒಟ್ಟು 240 ಆಟಗಾರ-ನಿಮಿಷಗಳು ಸಿಗುತ್ತವೆ. ಮೊದಲ ಐವರು ತಲಾ 34 ನಿಮಿಷ ಆಡಿದರೂ ಇನ್ನು 70 ನಿಮಿಷಗಳು ಉಳಿಯುತ್ತವೆ. ಆ 70 ನಿಮಿಷಗಳನ್ನು ಯಾರಾದರೂ ಆಡಲೇಬೇಕು, ಮತ್ತು ಅವುಗಳಲ್ಲಿ ಗಳಿಸಿದ ಅಂಕಕ್ಕೂ ಬಿಟ್ಟುಕೊಟ್ಟ ಅಂಕಕ್ಕೂ ಬೆಲೆ ಒಂದೇ. ಸಾಮಾನ್ಯವಾಗಿ ಮೊದಲ ಕ್ವಾರ್ಟರಿನ ಕೊನೆಗೂ ಎರಡನೆಯದರ ಆರಂಭಕ್ಕೂ ಬೆಂಚಿನವರು ಇಳಿಯುತ್ತಾರೆ. ಆಗ ಎದುರಾಳಿಗಳಲ್ಲಿ ಕೆಲವರು ಆಗಲೇ ಹತ್ತು ನಿಮಿಷ ಓಡಿ ದಣಿದಿರುತ್ತಾರೆ. ಇವರ ಕಾಲು ಹೊಸದು, ಉಸಿರು ಹೊಸದು. ತರುಣರಾದರೆ ಇನ್ನೂ ಒಂದು ಅನುಕೂಲವುಂಟು. ತನಗೆ ಸಿಗುವುದು ಐದಾರು ನಿಮಿಷವಷ್ಟೇ ಎಂದು ತಿಳಿದಿರುವ ಹುಡುಗ ಶಕ್ತಿಯನ್ನು ಉಳಿಸಿಟ್ಟುಕೊಳ್ಳುವ ಯೋಚನೆಯನ್ನೇ ಮಾಡುವುದಿಲ್ಲ, ಎದುರಾಳಿಯನ್ನು ಅಂಕಣದ ಈ ತುದಿಯಿಂದ ಆ ತುದಿಯವರೆಗೂ ಬೆನ್ನಟ್ಟುತ್ತಾನೆ.

ಹಣದ ಮಾತೂ ಇದರಲ್ಲಿದೆ. ಎನ್‌ಬಿಎಯಲ್ಲಿ ಲೀಗ್ ಮತ್ತು ಆಟಗಾರರ ಸಂಘದ ನಡುವೆ 2023ರಲ್ಲಿ ಜಾರಿಗೆ ಬಂದ ಒಪ್ಪಂದ, ಸಂಬಳದ ಮೊತ್ತ ಮಿತಿಮೀರಿದ ತಂಡಗಳ ಕೈಯನ್ನು ಬಲವಾಗಿಯೇ ಕಟ್ಟಿಹಾಕಿದೆ. ಇಬ್ಬರು ಮೂವರು ತಾರೆಯರಿಗೆ ಸಂಬಳ ಕೊಟ್ಟ ಮೇಲೆ ಉಳಿದ ಜಾಗಗಳನ್ನು ಹಿರಿಯರಿಂದಲೇ ತುಂಬುವುದು ಅಲ್ಲಿ ಕಷ್ಟ. ಡ್ರಾಫ್ಟ್‌ನ ಮೊದಲ ಸುತ್ತಿನಲ್ಲಿ ಬಂದ ತರುಣನ ಸಂಬಳವಾದರೋ ನಾಲ್ಕು ವರ್ಷಗಳವರೆಗೆ ಮೊದಲೇ ಗೊತ್ತುಪಡಿಸಿದ ಪ್ರಮಾಣದಲ್ಲಿರುತ್ತದೆ. ಹೀಗಾಗಿ ತನ್ನ ಕಿರಿಯರನ್ನು ಬೆಂಚಿನ ಮೇಲೆಯೇ ಪಳಗಿಸುವ ತಂಡ ಬಾಳುತ್ತದೆ.

ಆದರೆ ತರುಣರನ್ನು ಸುಮ್ಮನೆ ಅಂಕಣಕ್ಕೆ ನೂಕಿದರಾಯಿತೆಂದು ನಾನು ಹೇಳುತ್ತಿಲ್ಲ. ಆ ಮೂರನೆಯ ಪಂದ್ಯದಲ್ಲಿ ಮ್ಯಾಥುರಿನ್ ಜತೆ ಬೆಂಚಿನಿಂದ ಬಂದವರು 33 ವರ್ಷದ ಟಿ.ಜೆ. ಮೆಕಾನೆಲ್, 10 ಅಂಕ, 5 ಅಸಿಸ್ಟ್ (ಜತೆಗಾರನ ಅಂಕಕ್ಕೆ ದಾರಿಮಾಡಿದ ಪಾಸ್), 5 ಸ್ಟೀಲ್ (ಎದುರಾಳಿಯಿಂದ ಕಸಿದ ಚೆಂಡು). ಎದುರಾಳಿಗಳು ಗೆರೆಯ ಹೊರಗಿನಿಂದ ಒಳಗೆಸೆಯುವ ಚೆಂಡಿನ ಮೇಲೆಯೇ ಕಣ್ಣಿಟ್ಟು, ಅವರು ಮೈಮರೆತ ಕ್ಷಣದಲ್ಲಿ ಕಸಿದುಕೊಳ್ಳುವ ಆ ಸಣ್ಣ ಮೈಕಟ್ಟಿನ ಹಿರಿಯ ಪಕ್ಕದಲ್ಲಿದ್ದರೆ ಹುಡುಗರಿಗೆ ತಾನಾಗಿಯೇ ಧೈರ್ಯ ಬರುತ್ತದೆ. ಏಳನೆಯ ಹಾಗೂ ಕೊನೆಯ ಪಂದ್ಯದ ಮೊದಲ ಕ್ವಾರ್ಟರಿನಲ್ಲೇ ಪೇಸರ್ಸ್‌ನ ಮುಖ್ಯ ಆಟಗಾರ ಟೈರಿಸ್ ಹ್ಯಾಲಿಬರ್ಟನ್ ಹಿಮ್ಮಡಿಯ ಸ್ನಾಯುರಜ್ಜು ಹರಿದು ಬಿದ್ದಾಗ, ಆಟ ಅಲ್ಲಿಗೇ ಮುಗಿಯಿತೆಂದು ನಾನೂ ಎಣಿಸಿದ್ದೆ. ಮುಗಿಯಲಿಲ್ಲ. ಅರ್ಧ ಸಮಯಕ್ಕೆ ಪೇಸರ್ಸ್ ಒಂದು ಅಂಕ ಮುಂದಿತ್ತು. ಮ್ಯಾಥುರಿನ್ 24 ಅಂಕ, 13 ರೀಬೌಂಡ್ (ಗುರಿತಪ್ಪಿ ಮರಳಿದ ಚೆಂಡನ್ನು ಹಿಡಿದದ್ದು). ಮೆಕಾನೆಲ್ 16 ಅಂಕ. ಕೊನೆಗೆ 103–91ರಿಂದ ಸೋತರೂ, ಆ ಸೋಲನ್ನು ನಾನು ಹಲವು ಗೆಲುವುಗಳಿಗಿಂತ ಮೇಲೆ ಇಡುತ್ತೇನೆ.

ಇದೇ ಪೇಸರ್ಸ್ ತಂಡ 2019ರ ಅಕ್ಟೋಬರ್ 4 ಮತ್ತು 5ರಂದು ನಮ್ಮ ವರಳಿಯ ಎನ್‌ಎಸ್‌ಸಿಐ ಡೋಮ್‌ನಲ್ಲಿ ಸ್ಯಾಕ್ರಮೆಂಟೊ ಕಿಂಗ್ಸ್ ವಿರುದ್ಧ ಎರಡು ಪಂದ್ಯಗಳನ್ನು ಆಡಿ, ಎರಡನ್ನೂ ಗೆದ್ದಿತ್ತು. ಮೊದಲನೆಯ ದಿನ ಗ್ಯಾಲರಿಯನ್ನು ತುಂಬಿದ್ದ ಸುಮಾರು 3,000 ಶಾಲಾ ಮಕ್ಕಳಲ್ಲಿ ನನ್ನ ಅಕ್ಕನ ಮಗನೂ ಒಬ್ಬ. ಆಗ ಅವನಿಗೆ ಹತ್ತು ವರ್ಷ. ಹೆಚ್ಚುವರಿ ಸಮಯಕ್ಕೆ ಹೋಗಿ 132–131ರಲ್ಲಿ ಮುಗಿದ ಆ ಪಂದ್ಯದ ಬಗ್ಗೆ ರಾತ್ರಿ ಊಟಕ್ಕೆ ಕುಳಿತಾಗ ಅವನು ಹೇಳಿದ್ದು ಎತ್ತರದ ಆಟಗಾರರ ಡಂಕ್‌ಗಳ ಕಥೆಯನ್ನಲ್ಲ. “ಮಾಮಾ, ಬೆಂಚಲ್ಲಿ ಕೂತವರೆಲ್ಲ ಪ್ರತಿ ಬ್ಯಾಸ್ಕೆಟ್‌ಗೂ ಎದ್ದು ಟವೆಲ್ ಬೀಸ್ತಿದ್ರು” ಎಂದ.

ಆ ಹುಡುಗ ಮುಂದೆ ತಾನೇ ಬೆಂಚಿನ ಮೇಲೆ ಕುಳಿತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಶಾಲಾ ತಂಡದ ಹನ್ನೆರಡು ಮಂದಿಯಲ್ಲಿ ಅವನ ಅಂಗಿಯ ಸಂಖ್ಯೆ ಕೊನೆಯದು. ಒಂದು ಪಂದ್ಯಾವಳಿಯ ಮೂರು ಪಂದ್ಯಗಳಲ್ಲಿ ಅವನನ್ನು ಒಮ್ಮೆಯೂ ಕರೆಯಲಿಲ್ಲ. ಸೆಮಿಫೈನಲ್‌ನಲ್ಲಿ ಇಬ್ಬರು ಹಿರಿಯ ಹುಡುಗರು ಐದೈದು ಫೌಲ್ ಮಾಡಿ ಹೊರಬಿದ್ದಾಗ ಬೇರೆ ದಾರಿಯಿಲ್ಲದೆ ಇವನನ್ನು ಕಳುಹಿಸಿದರು. ಗಂಟೆಗೂ ಹೆಚ್ಚು ಹೊತ್ತು ಕುಳಿತು ಜಡ್ಡುಗಟ್ಟಿದ್ದ ಕಾಲು, ಬೆವರಿದ ಅಂಗೈ. ಅವನು ಕೊಟ್ಟ ಮೊದಲ ಪಾಸ್ ಗೆರೆ ದಾಟಿ ಹೊರಗೆ ಹೋಯಿತು. ನಿಮಿಷ ತುಂಬುವ ಮೊದಲೇ ಅವನನ್ನು ವಾಪಸ್ಸು ಕರೆದರು. ಮೇ ತಿಂಗಳ ಆ ಸೆಕೆಯಲ್ಲಿ ಅವನು ಜಾಕೆಟ್ಟಿನ ಜಿಪ್ಪನ್ನು ಗಲ್ಲದವರೆಗೆ ಎಳೆದುಕೊಂಡು, ಪಂದ್ಯ ಮುಗಿಯುವವರೆಗೂ ನೆಲ ನೋಡುತ್ತ ಕುಳಿತಿದ್ದ. ತರಬೇತುದಾರರು ಕೆಟ್ಟವರಲ್ಲ, ಗೆದ್ದರೆ ಹೊಗಳಿಕೆ, ಸೋತರೆ ಪಾಲಕರ ಮತ್ತು ಆಡಳಿತದವರ ಪ್ರಶ್ನೆ ಎಂಬ ಒತ್ತಡ ಅವರ ಮೇಲೂ ಇರುತ್ತದೆ. ಆದರೂ ಆ ಅರವತ್ತು ಸೆಕೆಂಡುಗಳಿಗೆ ಆ ಹುಡುಗನನ್ನು ಯಾರೂ ಸಿದ್ಧಗೊಳಿಸಿರಲಿಲ್ಲ ಎಂಬುದನ್ನು ನಾನು ಮರೆಯಲಾರೆ.

ಮರುವರ್ಷ ಬಂದ ಬೇರೊಬ್ಬ ತರಬೇತುದಾರರು, ಎದುರಾಳಿ ಯಾರೇ ಇರಲಿ, ಎರಡನೆಯ ಕ್ವಾರ್ಟರಿನ ಮೊದಲ ನಾಲ್ಕು ನಿಮಿಷಗಳನ್ನು ಅವನಿಗೇ ಮೀಸಲಿಟ್ಟರು. ‘ಇವು ನಿನ್ನವು’ ಎಂದು ಮೊದಲೇ ತಿಳಿಸಿದ್ದರಿಂದ, ಮೊದಲ ಕ್ವಾರ್ಟರ್ ಮುಗಿಯುವುದಕ್ಕೆ ಎರಡು ನಿಮಿಷ ಇರುವಾಗಲೇ ಅವನು ಬೆಂಚಿನ ಹಿಂದೆ ನಿಂತು ಕಾಲು ಸಡಿಲಿಸಿಕೊಳ್ಳುತ್ತಿದ್ದ. ಒಂದು ಪಂದ್ಯದಲ್ಲಿ ತಂಡ ಮೂರು ಅಂಕ ಹಿಂದಿದ್ದಾಗ ಇಳಿದು, ಎದುರಾಳಿಗಳ ಚುರುಕಾದ ಗಾರ್ಡ್‌ಗೆ ಚೆಂಡನ್ನು ಅರ್ಧ ಅಂಕಣ ದಾಟಿಸಲೂ ಬಿಡದೆ ಕಾಡಿದ. ಅವನು ಹೊರಬರುವಾಗ ತಂಡ ಐದು ಅಂಕ ಮುಂದಿತ್ತು. ಆದರೆ ಅವನು ಸ್ವತಃ ಒಂದು ಅಂಕವನ್ನೂ ಗಳಿಸಿರಲಿಲ್ಲವಾದ್ದರಿಂದ ಮರುದಿನದ ಯಾವ ವರದಿಯಲ್ಲಿಯೂ ಅವನ ಸುಳಿವಿರಲಿಲ್ಲ.

ಕರಾವಳಿಯಿಂದ ಬಂದ ನಮ್ಮಂಥವರಿಗೆ ಇದು ಹೊಸ ಪಾಠವೇನಲ್ಲ. ಯಕ್ಷಗಾನ ಮೇಳದಲ್ಲಿ ಹುಡುಗರು ಕೋಡಂಗಿ, ಬಾಲಗೋಪಾಲ ವೇಷಗಳಿಂದ ಆರಂಭಿಸಿ, ಪೂರ್ವರಂಗದಲ್ಲಿ ಹೆಜ್ಜೆ ಗಟ್ಟಿಮಾಡಿಕೊಂಡ ಮೇಲೆ ಪ್ರಸಂಗಕ್ಕೆ ಇಳಿಯುತ್ತಾರೆ. ಅಲ್ಲಿ ರಂಗ ಸಿಗದೆ ಕಲಿತವರಿಲ್ಲ. ಈ ನಗರದಲ್ಲೂ ನಾಗಪಾಡಾದ ಅಂಕಣಗಳಲ್ಲಿ, ಮಾಟುಂಗಾದ ಇಂಡಿಯನ್ ಜಿಮ್ಖಾನಾದಲ್ಲಿ ಸಂಜೆ ಹೊತ್ತು ನಿಂತು ನೋಡಿದರೆ ದೊಡ್ಡವರ ಆಟದ ಅಂಚಿನಲ್ಲಿ ಚೆಂಡು ಹಿಡಿದು ಕಾಯುವ ಹುಡುಗರು ಕಾಣುತ್ತಾರೆ. ಅರ್ಜುನ ಪ್ರಶಸ್ತಿ ಪಡೆದ ಅಬ್ಬಾಸ್ ಮುಂತಸಿರ್ ಅಂಥವರನ್ನು ಕೊಟ್ಟ ನೆಲ ನಾಗಪಾಡಾ.

ಮುಂಬಯಿಯ ನಮ್ಮ ಕನ್ನಡ ಸಂಘ-ಸಂಸ್ಥೆಗಳಲ್ಲಿ ನನ್ನದೊಂದು ವಿನಂತಿಯಿದೆ. ತಾವು ನಡೆಸುವ ವಾರ್ಷಿಕ ಕ್ರೀಡಾಕೂಟಗಳ ತಂಡದ ಆಟಗಳಲ್ಲಿ, ಹದಿನಾರರ ಒಳಗಿನವರ ಮಟ್ಟಿಗಾದರೂ, ಪಂದ್ಯದ ಮೊದಲ ಅರ್ಧದಲ್ಲಿ ಪಟ್ಟಿಯಲ್ಲಿರುವ ಪ್ರತಿಯೊಬ್ಬ ಮಗುವೂ ಅಂಕಣಕ್ಕಿಳಿಯಲೇಬೇಕೆಂಬ ನಿಯಮವನ್ನು ಮಾಡಿ. ಫಲಿತಾಂಶ ಹೆಚ್ಚುಕಡಿಮೆಯಾದರೂ ಚಿಂತೆಯಿಲ್ಲ.

ತಮ್ಮಲ್ಲಿಯೂ ಒಂದು ವಿನಂತಿ. ಬ್ಯಾಸ್ಕೆಟ್‌ಬಾಲ್‌ನ ಅಧಿಕೃತ ಅಂಕಪಟ್ಟಿಯಲ್ಲಿ ಅಂಕಣಕ್ಕಿಳಿದ ಪ್ರತಿ ಆಟಗಾರನ ಹೆಸರಿನ ಮುಂದೆ ಗುಣಾಕಾರ ಚಿಹ್ನೆಯಂಥ ಒಂದು ಗುರುತು ಹಾಕಿ, ಮೊದಲ ಐವರ ಗುರುತಿಗೆ ಮಾತ್ರ ಸುತ್ತ ವೃತ್ತ ಎಳೆಯುತ್ತಾರೆ. ವೃತ್ತವಿಲ್ಲದ ಗುರುತುಗಳ ಮುಂದಿರುವ ಹೆಸರುಗಳನ್ನೂ ಅವರ ಅಂಕಗಳನ್ನೂ ಸೇರಿಸಿ ವರದಿಯ ಕೊನೆಗೆ ಒಂದು ಸಾಲು ಅಚ್ಚು ಹಾಕಿದರೆ ಸಾಕು. ಅಂಕ ಸೊನ್ನೆಯಿದ್ದರೂ ಹೆಸರು ಇರಲಿ. ಡೊಂಬಿವಲಿ, ಠಾಣೆ ಸುತ್ತಮುತ್ತಲಿನ ಶಾಲಾ ಪಂದ್ಯಗಳಿಗೆ ನಾನು ತಪ್ಪದೆ ಹೋಗುವವನಾದ್ದರಿಂದ, ತಮ್ಮ ವರದಿಗಾರರಿಗೆ ಬೇಕಾದಲ್ಲಿ ಆ ಅಂಕಪಟ್ಟಿಗಳ ಪ್ರತಿಗಳನ್ನು ಅದೇ ಸಂಜೆ ಕಚೇರಿಗೆ ತಲುಪಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಓದುಗ, ಡೊಂಬಿವಲಿ ಪೂರ್ವ