ಕ್ವಾಂಟಂನ 'ವೀಕ್ಷಕ' ಬೇರೆ, ವೇದಾಂತದ 'ಸಾಕ್ಷಿ' ಬೇರೆ

ಮಾನ್ಯ ಸಂಪಾದಕರೇ,

ಬೆಂಗಳೂರಿನಲ್ಲಿ 'ಕ್ವಾಂಟಂ' (ಪರಮಾಣು, ಎಲೆಕ್ಟ್ರಾನುಗಳಂಥ ಅತಿ ಸಣ್ಣ ವಸ್ತುಗಳ ಭೌತವಿಜ್ಞಾನ) ಎಂಬ ಮಾತು ಈಗ ಎರಡು ಕಡೆಯಿಂದ ಕಿವಿಗೆ ಬೀಳುತ್ತಿದೆ. ಒಂದು, ಪ್ರಯೋಗಾಲಯಗಳಿಂದ. 2023ರಲ್ಲಿ ಒಪ್ಪಿಗೆ ಪಡೆದ ರಾಷ್ಟ್ರೀಯ ಕ್ವಾಂಟಂ ಮಿಷನ್ನಿನ ಕಂಪ್ಯೂಟಿಂಗ್ ಕೇಂದ್ರ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ ಇದೆ. ಇನ್ನೊಂದು, ಉಪನ್ಯಾಸಗಳಿಂದ, ಧ್ಯಾನ ಶಿಬಿರಗಳಿಂದ, ವಾಟ್ಸ್‌ಆ್ಯಪ್ ವಿಡಿಯೊಗಳಿಂದ. 'ನೋಡುವವನಿಲ್ಲದೆ ಜಗತ್ತಿಲ್ಲ ಎಂದು ಕ್ವಾಂಟಂ ವಿಜ್ಞಾನ ಸಾಬೀತು ಮಾಡಿದೆ, ನಮ್ಮ ಋಷಿಗಳು ಹೇಳಿದ್ದೂ ಅದನ್ನೇ' ಎಂಬುದು ಅಲ್ಲಿನ ಪಲ್ಲವಿ. ಹೇಳುವವರ ಭಕ್ತಿಯ ಬಗ್ಗೆ ನಮಗೆ ಗೌರವವಿದೆ. ಆದರೆ ಈ ಮಾತಿನಿಂದ ಭೌತವಿಜ್ಞಾನಕ್ಕೂ ವೇದಾಂತಕ್ಕೂ ಅನ್ಯಾಯವಾಗುತ್ತಿದೆ ಎಂದು ಈ ಪತ್ರ ಬರೆಯುತ್ತಿದ್ದೇವೆ.

ಎಡವಟ್ಟು ಆಗಿರುವುದು ಒಂದು ಪದದಲ್ಲಿ. ಇಂಗ್ಲಿಷಿನ 'ಅಬ್ಸರ್ವರ್' ಪಠ್ಯಪುಸ್ತಕದಲ್ಲಿ 'ವೀಕ್ಷಕ'ನಾದ, ವೇದಿಕೆಯ ಮೇಲೆ ವೇದಾಂತದ 'ಸಾಕ್ಷಿ'ಯಾದ, ಅಂದರೆ ಎಲ್ಲವನ್ನೂ ಅರಿಯುವ ಚೈತನ್ಯವಾದ. ಪ್ರಯೋಗದಲ್ಲಿ ವೀಕ್ಷಕನ ಕೆಲಸ ಮಾಡುವುದು ಮನಸ್ಸಲ್ಲ, ಗುರುತು ಉಳಿಸುವ ಯಾವುದೇ ವಸ್ತು.

1989ರಲ್ಲಿ ಜಪಾನಿನ ಅಕಿರಾ ತೊನೊಮುರಾ ಮತ್ತು ಸಂಗಡಿಗರು ಎಲೆಕ್ಟ್ರಾನುಗಳನ್ನು ಎರಡು ದಾರಿಗಳಿರುವ ಉಪಕರಣದ ಮೂಲಕ ಒಂದೊಂದಾಗಿ ಕಳಿಸಿದರು. ಪ್ರತಿಯೊಂದೂ ಆಚೆ ತುದಿಯಲ್ಲಿ ಒಂದು ಚುಕ್ಕೆಯಾಗಿ ಬಿತ್ತು. ಸಾವಿರಾರು ಚುಕ್ಕೆ ಸೇರಿದಾಗ ಅಲೆಗಳು ಮಾಡುವಂಥ ಪಟ್ಟಿಗಳು ಮೂಡಿದವು. ಎಲೆಕ್ಟ್ರಾನು ಯಾವ ದಾರಿಯಲ್ಲಿ ಬಂತು ಎಂಬ ಗುರುತು ಎಲ್ಲಾದರೂ ಉಳಿದರೆ ಆ ಪಟ್ಟಿಗಳು ಅಳಿಸಿಹೋಗುತ್ತವೆ. ಗುರುತನ್ನು ಯಾರಾದರೂ ಓದಬೇಕೆಂದಿಲ್ಲ. 2004ರಲ್ಲಿ ವಿಯೆನ್ನಾದ ವಿಜ್ಞಾನಿಗಳು ಇದನ್ನು ಸ್ಪಷ್ಟವಾಗಿ ತೋರಿಸಿದರು. ಎಪ್ಪತ್ತು ಕಾರ್ಬನ್ ಪರಮಾಣುಗಳ ಅಣುಗಳನ್ನು ಲೇಸರಿನಿಂದ ಕಾಯಿಸಿ ಸಣ್ಣ ಸೀಳುಗಳ ಸಾಲಿನ ಮೂಲಕ ಹಾಯಿಸಿದರು. ಕಾದ ಕಬ್ಬಿಣ ಕೆಂಪಗೆ ಹೊಳೆಯುವಂತೆ ಆ ಅಣುಗಳೂ ಬೆಳಕು ಸೂಸಿದವು. ಅಣು ಎಲ್ಲಿತ್ತು ಎಂಬ ಸುಳಿವನ್ನು ಆ ಬೆಳಕೇ ಹೊತ್ತೊಯ್ಯಿತು. ಕಾವು ಏರಿದಂತೆಲ್ಲ ಪಟ್ಟಿಗಳು ಮಸುಕಾಗುತ್ತ ಕೊನೆಗೆ ಇಲ್ಲವಾದವು. ಹೊರಬಿದ್ದ ಆ ಬೆಳಕನ್ನು ಯಾರೂ ಹಿಡಿದು ನೋಡಿರಲಿಲ್ಲ.

ಆಸಕ್ತರು ಇದರ ಒಂದು ಅಣಕು ರೂಪವನ್ನು ಮನೆಯಲ್ಲೇ ಮಾಡಬಹುದು. ಬೇಕಾಗುವುದು ಕೆಂಪು ಲೇಸರ್ ಪಾಯಿಂಟರ್, ಸುಮಾರು 0.3 ಮಿ.ಮೀ. ದಪ್ಪದ ನೆಟ್ಟಗಿನ ತಾಮ್ರದ ತಂತಿ, ಪೋಲರೈಸರ್ ಹಾಳೆಯ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವ ಹಾಳೆ; ಆ ದಿಕ್ಕೇ ಅದರ ಅಕ್ಷ) ಮೂರು ತುಂಡು. ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್.ಪಿ. ರಸ್ತೆಯಂಥ ಕಡೆ ಹುಡುಕಿದರೆ ಆದೀತು. ಕೆಟ್ಟುಹೋದ ಎಲ್‌ಸಿಡಿ ಪರದೆಯ ಮೇಲಿನ ಹಾಳೆಯೂ ನಡೆಯುತ್ತದೆ. ಕತ್ತಲ ಕೋಣೆಯಲ್ಲಿ ಲೇಸರ್ ಕಿರಣದ ನಟ್ಟನಡುವೆ ತಂತಿಯನ್ನು ಲಂಬವಾಗಿ ನಿಲ್ಲಿಸಿ. ಎರಡು ಮೀಟರ್ ಆಚೆಯ ಗೋಡೆಯ ಮೇಲೆ ಸುಮಾರು 4 ಮಿ.ಮೀ.ಗೆ ಒಂದರಂತೆ ಬೆಳಕು, ಕತ್ತಲೆಯ ಪಟ್ಟಿಗಳು ಕಾಣುತ್ತವೆ. ಈಗ ತಂತಿಯ ಎಡಕ್ಕೆ ಒಂದು ಪೋಲರೈಸರ್ ತುಂಡನ್ನು ಅದರ ಅಕ್ಷ ಲಂಬವಾಗಿರುವಂತೆ, ಬಲಕ್ಕೆ ಇನ್ನೊಂದನ್ನು ಅಕ್ಷ ಅಡ್ಡವಾಗಿರುವಂತೆ ಅಂಟಿಸಿ. ಎಡದಿಂದ ಬಂದ ಬೆಳಕಿಗೂ ಬಲದಿಂದ ಬಂದದ್ದಕ್ಕೂ ಬೇರೆಬೇರೆ ಗುರುತು ಬಿದ್ದಂತಾಯಿತು. ಪಟ್ಟಿಗಳು ಮಾಯವಾಗುತ್ತವೆ. ಮೂರನೆಯ ತುಂಡನ್ನು ತಂತಿಗೂ ಗೋಡೆಗೂ ನಡುವೆ 45 ಡಿಗ್ರಿ ಓರೆಯಾಗಿ ಹಿಡಿದರೆ ಆ ಗುರುತು ಅಳಿಸಿ, ಪಟ್ಟಿಗಳು ಮರಳಿ ಬರುತ್ತವೆ. ಅದನ್ನೇ ಆಚೆ ಕಡೆಗೆ 45 ಡಿಗ್ರಿ ಓರೆ ಮಾಡಿದರೆ ಬೆಳಕಿದ್ದಲ್ಲಿ ಕತ್ತಲು, ಕತ್ತಲಿದ್ದಲ್ಲಿ ಬೆಳಕು.

ಕೆಡುವುದು ಸಾಮಾನ್ಯವಾಗಿ ಎರಡು ಕಡೆ. ಲೇಸರ್ ಬೆಳಕಿಗೆ ತನ್ನದೇ ಕಂಪನದ ದಿಕ್ಕು (ಪೋಲರೈಸೇಶನ್) ಇರುವುದರಿಂದ ಒಂದು ಬದಿಯ ತುಂಡು ಬೆಳಕನ್ನು ಪೂರ್ತಿ ತಡೆದುಬಿಡಬಹುದು. ಎರಡೂ ಬದಿ ಸಮನಾಗಿ ಬೆಳಗುವವರೆಗೆ ಪಾಯಿಂಟರನ್ನು ಅದರ ಉದ್ದದ ಸುತ್ತ ತಿರುಗಿಸಬೇಕು. ಎರಡು ತುಂಡುಗಳ ಅಂಚು ತಂತಿಯ ದಪ್ಪದೊಳಗೇ ಮರೆಯಾಗದಿದ್ದರೂ ಪಟ್ಟಿಗಳು ಕೆಡುತ್ತವೆ. ಲೇಸರ್ 1 ಮಿಲಿವ್ಯಾಟ್ ಮೀರದಿರಲಿ, ಕಣ್ಣಿಗೆ ನೇರವಾಗಿ ಬೀಳದಿರಲಿ. ಇಷ್ಟು ಹೊಳೆಯುವ ಲೇಸರಿನಲ್ಲಿ ಕಾಣುವುದನ್ನು ಹಳೆಯ ತರಂಗ ಸಿದ್ಧಾಂತವೂ ವಿವರಿಸುತ್ತದೆ ಎಂಬುದನ್ನು ಮುಚ್ಚಿಡಬಾರದು. ಒಂದೊಂದೇ ಫೋಟಾನ್ (ಬೆಳಕಿನ ಕಣ) ಕಳಿಸಿದಾಗಲೂ ಫಲಿತಾಂಶ ಇದೇ ಆಗಿರುವುದು ಕ್ವಾಂಟಂ ವಿಶೇಷ. ಎರಡರಲ್ಲೂ ಪಟ್ಟಿಗಳನ್ನು ಅಳಿಸಿದ್ದು ಪೋಲರೈಸರ್ ತುಂಡು. ನೀವು ಕೋಣೆಯಲ್ಲಿದ್ದರೂ ಅಷ್ಟೇ, ಮೊಬೈಲ್ ಕ್ಯಾಮೆರಾ ಇಟ್ಟು ಹೊರಗೆ ಹೋದರೂ ಅಷ್ಟೇ.

ಪ್ರಜ್ಞೆಯೇ ಮಾಪನವನ್ನು, ಅಂದರೆ ಅಳೆಯುವ ಕ್ರಿಯೆಯನ್ನು, ಪೂರ್ಣಗೊಳಿಸುತ್ತದೆ ಎಂದು ದೊಡ್ಡ ವಿಜ್ಞಾನಿಗಳೇ ಹೇಳಿಲ್ಲವೇ ಎಂದು ಕೇಳುವವರಿದ್ದಾರೆ. ಹೌದು, ಯುಜೀನ್ ವಿಗ್ನರ್ 1961ರಲ್ಲಿ ಹಾಗೆ ವಾದಿಸಿದ್ದರು. ಸುತ್ತಲಿನ ಗಾಳಿ, ಬೆಳಕು, ಶಾಖಗಳೇ ಕ್ವಾಂಟಂ ಸ್ಥಿತಿಯನ್ನು ಚದುರಿಸುತ್ತವೆ ಎಂಬ ವಿಚಾರ ಗಟ್ಟಿಯಾದ ಮೇಲೆ ಅದೇ ವಿಗ್ನರ್ ತಮ್ಮ ವಾದವನ್ನು ಕೈಬಿಟ್ಟರು. ವೇದಿಕೆಗಳಲ್ಲಿ ಮೊದಲರ್ಧವನ್ನು ಮಾತ್ರ ಹೇಳಲಾಗುತ್ತದೆ.

ವೇದಾಂತಕ್ಕೆ ಆಗುವ ಅನ್ಯಾಯ ಇದಕ್ಕಿಂತ ದೊಡ್ಡದು. ಅದ್ವೈತದಲ್ಲಿ ಸಾಕ್ಷಿ ಅಕರ್ತ. ಏನನ್ನೂ ಮಾಡುವುದಿಲ್ಲ, ಯಾವುದನ್ನೂ ಬದಲಿಸುವುದಿಲ್ಲ, ಯಾವುದರಿಂದಲೂ ಬದಲಾಗುವುದಿಲ್ಲ. ಕ್ವಾಂಟಂ ಮಾಪನವಾದರೋ ಒಂದು ಕ್ರಿಯೆ. ಅದು ಕಣವನ್ನೂ ಬದಲಿಸುತ್ತದೆ, ಉಪಕರಣವನ್ನೂ ಬದಲಿಸುತ್ತದೆ. ಎರಡನ್ನೂ ಒಂದೇ ಎಂದರೆ ಸಾಕ್ಷಿಯನ್ನು ಕರ್ತೃವಾಗಿಸಿದಂತೆ. ಶಂಕರರ ಭಾಷ್ಯ ಓದಿದವರು ಅದನ್ನು ಒಪ್ಪಲಾರರು. ಇನ್ನೂ ಒಂದು ತೊಡಕಿದೆ. ಶೃಂಗೇರಿಯ ಅದ್ವೈತ, ಉಡುಪಿಯ ದ್ವೈತ, ಮೇಲುಕೋಟೆಯ ವಿಶಿಷ್ಟಾದ್ವೈತ ಮೂರೂ ಈ ನೆಲದಲ್ಲಿ ಶತಮಾನಗಳ ಕಾಲ ವಾದಿಸುತ್ತ ಬಂದಿವೆ. ಜಗತ್ತು ಸತ್ಯ, ಭೇದ ಸತ್ಯ ಎನ್ನುವವರು ಮಧ್ವರು. ಒಂದು ಪ್ರಯೋಗ ಅದ್ವೈತವನ್ನು ಸಾಬೀತು ಮಾಡಿತೆಂದರೆ ಅದೇ ಉಸಿರಿನಲ್ಲಿ ಮಧ್ವರ ತತ್ತ್ವವಾದ ಸೋತಿತು ಎಂದೂ ಹೇಳಬೇಕಾಗುತ್ತದೆ. ಯಾವ ಪ್ರಯೋಗಾಲಯಕ್ಕೂ ಆ ಅಧಿಕಾರವಿಲ್ಲ. ಪ್ರತ್ಯಕ್ಷ (ಇಂದ್ರಿಯಗಳಿಂದ ಕಂಡದ್ದು), ಅನುಮಾನ (ತರ್ಕದಿಂದ ಊಹಿಸಿದ್ದು), ಶಬ್ದ (ಶ್ರುತಿಯ ಮಾತು) ಎಂದು ಪ್ರಮಾಣಗಳನ್ನು, ಅಂದರೆ ಅರಿವಿನ ದಾರಿಗಳನ್ನು, ಬೇರೆಬೇರೆಯಾಗಿಟ್ಟು, ಯಾವುದಕ್ಕೆ ಯಾವುದು ಸಲ್ಲುತ್ತದೆ ಎಂದು ತೂಗಿ ನೋಡಿದವರು ಈ ಮೂರೂ ಮತದವರು. ಭೌತವಿಜ್ಞಾನ ಮೊದಲ ಎರಡರ ಅಂಗಳದ್ದು.

ಹಾಗಾದರೆ ಕ್ವಾಂಟಂ ವಿಜ್ಞಾನ ವಾಸ್ತವದ ಬಗ್ಗೆ ಏನೂ ಹೇಳುವುದಿಲ್ಲವೇ? ಹೇಳುತ್ತದೆ, ಅದೂ ತುಂಬ ಆಳವಾದದ್ದು. ವಸ್ತುಗಳ ಗುಣಗಳೆಲ್ಲ ಮೊದಲೇ ನಿಗದಿಯಾಗಿವೆ, ದೂರದ ಘಟನೆ ಇಲ್ಲಿಯದನ್ನು ತಕ್ಷಣ ಮುಟ್ಟುವುದಿಲ್ಲ ಎಂಬೆರಡನ್ನೂ ಒಟ್ಟಿಗೆ ಹಿಡಿದರೆ ಅಳತೆಗಳಿಗೆ ಒಂದು ಮಿತಿ ಬರುತ್ತದೆ ಎಂದು ಜಾನ್ ಬೆಲ್ 1964ರಲ್ಲಿ ತೋರಿಸಿದರು. ಪ್ರಯೋಗಗಳು ಆ ಮಿತಿಯನ್ನು ಮೀರಿದವು, ಅಂದರೆ ಎರಡೂ ಒಟ್ಟಿಗೆ ನಿಜವಾಗಿರಲಾರವು. ಅಲೆನ್ ಆಸ್ಪೆ, ಜಾನ್ ಕ್ಲೌಸರ್, ಆಂಟನ್ ಝೈಲಿಂಗರ್ ಅವರಿಗೆ 2022ರ ನೊಬೆಲ್ ಸಂದದ್ದು ಈ ಸಾಲಿನ ಕೆಲಸಕ್ಕೆ. ಜಗತ್ತು ಪುಟ್ಟ ಗೋಲಿಗಳ ಯಂತ್ರವಲ್ಲ ಎಂಬುದು ಇಷ್ಟರಿಂದ ಖಚಿತ. ಅದರಾಚೆ, ಈ ಸಿದ್ಧಾಂತದ ಅರ್ಥವೇನೆಂದು ಹೇಳಲು ಹೊರಟ ಕೋಪನ್‌ಹೇಗನ್ ವ್ಯಾಖ್ಯಾನ, ಬಹುಲೋಕ ವ್ಯಾಖ್ಯಾನ, ಬೋಮ್ ಅವರ ವ್ಯಾಖ್ಯಾನ ಎಲ್ಲವೂ ಇದುವರೆಗಿನ ಪ್ರಯೋಗಗಳಿಗೆ ಒಂದೇ ಉತ್ತರ ಕೊಡುತ್ತವೆ. ಅವುಗಳಲ್ಲೇ ಒಂದನ್ನು ಆರಿಸಲಾಗದ ಪ್ರಯೋಗ ದೇವರ ಪ್ರಶ್ನೆಯನ್ನು ಹೇಗೆ ಬಗೆಹರಿಸೀತು? 1979ರ ಭೌತವಿಜ್ಞಾನದ ನೊಬೆಲ್ ಹಂಚಿಕೊಂಡ ಅಬ್ದುಸ್ ಸಲಾಂ ಶ್ರದ್ಧಾವಂತ ಮುಸ್ಲಿಮರು, ಸ್ಟೀವನ್ ವೈನ್‌ಬರ್ಗ್ ನಾಸ್ತಿಕರು. ಇಬ್ಬರೂ ಬೇರೆಬೇರೆಯಾಗಿ ತಲುಪಿದ್ದು ಒಂದೇ ಸಿದ್ಧಾಂತವನ್ನು.

ಸಂಕ್ರಾಂತಿಯ ಸಂಜೆ ಗವಿ ಗಂಗಾಧರೇಶ್ವರದಲ್ಲಿ ಬಿಸಿಲಕೋಲು ನಂದಿಯ ಕೊಂಬುಗಳ ನಡುವೆ ಹಾದು ಲಿಂಗವನ್ನು ಮುಟ್ಟುವುದನ್ನು ಸೂರ್ಯನ ಚಲನೆಯ ಲೆಕ್ಕದಿಂದ ವಿವರಿಸಬಹುದು. ಲೆಕ್ಕ ಬಲ್ಲವರು ಅಲ್ಲಿ ಕೈಮುಗಿಯುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಕೈಮುಗಿದದ್ದರಿಂದ ಲೆಕ್ಕ ಬದಲಾಗುವುದೂ ಇಲ್ಲ.

ನಮಗೆ ನಿಜವಾಗಿ ಆತಂಕ ತರುವುದು ಕಾಯಿಲೆಯ ವಿಷಯ. ಹೆಣೆದುಕೊಂಡ ಕಣಗಳ (ದೂರವಿದ್ದರೂ ಅಳತೆಗಳಲ್ಲಿ ನಂಟು ತೋರುವ ಜೋಡಿ ಕಣಗಳ) ಮೂಲಕ ದೂರದಿಂದಲೇ ರೋಗ ವಾಸಿ ಮಾಡುತ್ತೇವೆಂದು ಹಣ ಪಡೆಯುವುದು ನಡೆದಿದೆ. ಅಂಥ ಜೋಡಿಯ ಒಂದು ತುದಿಯಲ್ಲಿ ಏನೇ ಮಾಡಿದರೂ ಇನ್ನೊಂದು ತುದಿಯಲ್ಲಿ ಕಾಣುವುದು ಹೌದು–ಅಲ್ಲಗಳ ಬೆರಕೆ ಮಾತ್ರ. ಎರಡೂ ಕಡೆಯ ಫಲಿತಾಂಶಗಳನ್ನು ಫೋನಿನಲ್ಲೋ ಕಾಗದದಲ್ಲೋ ತಾಳೆ ನೋಡಿದಾಗಲೇ ನಂಟು ಗೊತ್ತಾಗುವುದು. ಅದರಿಂದ ಒಂದಕ್ಷರದ ಸಂದೇಶವನ್ನೂ ಕಳಿಸಲಾಗದು, ಔಷಧಿಯ ಮಾತು ದೂರ. ಮಿದುಳಿನಲ್ಲೇ ಕ್ವಾಂಟಂ ಸ್ಥಿತಿ ಇದೆ ಎಂಬ ವಿಜ್ಞಾನಿ ರೋಜರ್ ಪೆನ್‌ರೋಸ್ ಅವರ ಊಹೆಯ ಬಗ್ಗೆ ಚರ್ಚೆ ಮುಗಿದಿಲ್ಲ, ನಿಜ. ಆದರೆ ಭೌತವಿಜ್ಞಾನಿ ಮ್ಯಾಕ್ಸ್ ಟೆಗ್‌ಮಾರ್ಕ್ 2000ದಲ್ಲಿ ಮಾಡಿದ ಲೆಕ್ಕದಂತೆ ಮಿದುಳಿನ ಬಿಸಿಯಲ್ಲಿ ಅಂಥ ಸ್ಥಿತಿ ಸೆಕೆಂಡಿನ ಹತ್ತು ಲಕ್ಷ ಕೋಟಿಯ ಒಂದು ಭಾಗಕ್ಕಿಂತ ಹೆಚ್ಚು ಹೊತ್ತು ಉಳಿಯುವುದಿಲ್ಲ. ನರಕೋಶದ ಕೆಲಸಕ್ಕೆ ಸೆಕೆಂಡಿನ ಸಾವಿರದ ಒಂದು ಭಾಗವಾದರೂ ಬೇಕು.

ಆದ್ದರಿಂದ ತಮ್ಮಲ್ಲಿ ಒಂದು ವಿನಂತಿ. 'ಕ್ವಾಂಟಂ' ಚಿಕಿತ್ಸೆಯ ಜಾಹೀರಾತೋ ಲೇಖನವೋ ಬಂದಾಗ, ಅಳೆದದ್ದು ಏನನ್ನು, ಯಾವ ಉಪಕರಣದಿಂದ, ಎಷ್ಟು ರೋಗಿಗಳಲ್ಲಿ, ಚಿಕಿತ್ಸೆ ಪಡೆಯದವರೊಂದಿಗೆ ಹೋಲಿಸಿದ್ದು ಹೇಗೆ ಎಂದು ಬರೆದವರನ್ನು ಕೇಳಿ, ಉತ್ತರವನ್ನು ಅದರ ಜೊತೆಗೇ ಪ್ರಕಟಿಸಿ.

– ಭೌತವಿಜ್ಞಾನ ಅಧ್ಯಾಪಕರು, ಬೆಂಗಳೂರು