ಕಫ ಪರೀಕ್ಷೆ ಮೈಕ್ರೋಸ್ಕೋಪಿಗೇ ನಿಲ್ಲದಿರಲಿ

ಮಾನ್ಯರೇ,

ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಿ, 'ನೆಗೆಟಿವ್' ಅಂತ ಚೀಟಿ ಬಂದರೆ ಮನೆಯವರೆಲ್ಲ ನಿರಾಳ. ಯಾವ ಪರೀಕ್ಷೆ ಮಾಡಿದರು ಅಂತ ಕೇಳುವವರು ಕಡಿಮೆ. ಮೈಕ್ರೋಸ್ಕೋಪಿನಲ್ಲಿ ಕ್ಷಯದ ರೋಗಾಣು ಕಾಣಬೇಕಾದರೆ ಒಂದು ಮಿಲಿಲೀಟರ್ ಕಫದಲ್ಲಿ ಸುಮಾರು 5,000ದಿಂದ 10,000 ಇರಬೇಕು. ಡಿಎನ್‌ಎ ಪ್ರೋಬ್ ಬಳಸುವ ಜೀನ್‌ಎಕ್ಸ್‌ಪರ್ಟ್, ಟ್ರೂನ್ಯಾಟ್ ಪರೀಕ್ಷೆಗಳಿಗೆ ನೂರರ ಲೆಕ್ಕದಲ್ಲಿದ್ದರೂ ಸಾಕು.

ಪ್ರೋಬ್ ಅಂದರೆ ರೋಗಾಣುವಿನ ಡಿಎನ್‌ಎ ಜೊತೆ ಮಾತ್ರ ಜೋಡಿಯಾಗುವ ಹಾಗೆ ಮಾಡಿದ ಪುಟ್ಟ ಡಿಎನ್‌ಎ ತುಣುಕು. ಜೋಡಿ ಸಿಕ್ಕಿತು ಅಂದರೆ ಅದಕ್ಕೆ ಅಂಟಿಸಿದ ಬಣ್ಣ ಹೊಳೆಯುತ್ತದೆ, ಯಂತ್ರ ಆ ಬೆಳಕನ್ನು ಗುರುತಿಸುತ್ತದೆ. ಜೀನ್‌ಎಕ್ಸ್‌ಪರ್ಟ್‌ನಲ್ಲಿ ಇಂಥ 5 ಪ್ರೋಬ್‌ಗಳು ರೋಗಾಣುವಿನ ಒಂದು ಜೀನ್‌ನ ಚಿಕ್ಕ ಭಾಗವನ್ನು ತಪಾಸಣೆ ಮಾಡುತ್ತವೆ. ಅಲ್ಲಿ ಬದಲಾವಣೆ ಆಗಿದ್ದರೆ ಪ್ರೋಬ್ ಸರಿಯಾಗಿ ಕೂರುವುದಿಲ್ಲ. ಹಾಗಾದರೆ ಕ್ಷಯದ ಮುಖ್ಯ ಔಷಧಿಯಾದ ರಿಫಾಂಪಿಸಿನ್ ಮಾತ್ರೆ ಕೆಲಸ ಮಾಡಲಿಕ್ಕಿಲ್ಲ ಅಂತ ಸುಮಾರು ಎರಡೇ ಗಂಟೆಯಲ್ಲಿ ಗೊತ್ತಾಗುತ್ತದೆ. ಇದು ಸಣ್ಣ ಮಾತಲ್ಲ, ಅಲ್ವಾ?

ಟ್ರೂನ್ಯಾಟ್ ಅನ್ನು ರೂಪಿಸಿದ್ದು ನಮ್ಮ ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್. ಬ್ಯಾಟರಿಯಲ್ಲೂ ನಡೆಯುತ್ತದೆ, ಹಳ್ಳಿ ಆಸ್ಪತ್ರೆಗೂ ಒಗ್ಗುತ್ತದೆ. ಸುಮ್ನೆ ಯಂತ್ರ ತಂದು ಕೂರಿಸಿದರೆ ಸಾಲದು. ಪ್ರತಿ ಪರೀಕ್ಷೆಗೂ ಹೊಸದಾಗಿ ಬೇಕಾಗುವ ಚಿಪ್ (ಟ್ರೂನ್ಯಾಟ್‌ಗೆ), ಕಾರ್ಟ್ರಿಜ್ (ಜೀನ್‌ಎಕ್ಸ್‌ಪರ್ಟ್‌ಗೆ) ಖಾಲಿಯಾಗದಂತೆ ಆರೋಗ್ಯ ಇಲಾಖೆ ನೋಡಿಕೊಳ್ಳಲಿ. ಕೆಮ್ಮು ನಿಲ್ಲದವರೂ ಧೈರ್ಯವಾಗಿ ಈ ಪರೀಕ್ಷೆಯನ್ನೇ ಕೇಳಿ ಮಾಡಿಸಿಕೊಳ್ಳಲಿ.

– ಓದುಗ, ಚಿತ್ರದುರ್ಗ