ಹೊಳೆಯುವ ಜಾಹೀರಾತು, ಜಾರುವ ನಾಲಿಗೆ

ಮಾನ್ಯರೇ,

ಯಾರಿಗೆ ಏನು ಹೇಳಬೇಕು, ಹೇಗೆ ಹೇಳಬೇಕು ಎಂದು ಯೋಚಿಸದೆ ಪ್ರಚಾರಕ್ಕೆ ಇಳಿಯುವ ಪಕ್ಷಗಳು ತಮ್ಮ ಕಾಲಿಗೆ ತಾವೇ ಕೊಡಲಿ ಹಾಕಿಕೊಳ್ಳುತ್ತಿವೆ. ಚುನಾವಣಾ ಪ್ರಚಾರದ ಕುರಿತ ನಿಮ್ಮ ವರದಿ ಓದಿ ಹೀಗನಿಸಿತು.

2004ರ ಲೋಕಸಭಾ ಚುನಾವಣೆಗೆ ಮುನ್ನ ಬಿಜೆಪಿ ನೇತೃತ್ವದ ಎನ್‌ಡಿಎ ಸರ್ಕಾರ ನಡೆಸಿದ ‘ಇಂಡಿಯಾ ಶೈನಿಂಗ್’ (ಹೊಳೆಯುತ್ತಿರುವ ಭಾರತ) ಪ್ರಚಾರ ನೆನಪಿದೆ ಅಲ್ವಾ? ಪತ್ರಿಕೆ, ಟಿವಿ ತುಂಬ ಅದೇ ಜಾಹೀರಾತು. ಮಳೆಯಿಲ್ಲದೆ, ಬತ್ತಿದ ಕೊಳವೆಬಾವಿ ನೋಡುತ್ತಾ ಕುಳಿತಿದ್ದ ರೈತನಿಗೆ ಆ ಹೊಳಪು ಗೇಲಿ ಮಾಡಿದಂತೆ ಕಂಡಿತು. ಸೋಲಿಗೆ ಬೇರೆ ಕಾರಣಗಳೂ ಇದ್ದವು ಬಿಡಿ. ಆದರೆ ಎನ್‌ಡಿಎ ಸರ್ಕಾರ ಹೋದ ಮೇಲೂ ಜನರ ಬಾಯಲ್ಲಿ ಉಳಿದಿದ್ದು ಆ ಎರಡು ಪದ.

ಇನ್ನೊಂದು ನಮ್ಮ ಕೋಲಾರದ್ದೇ. 2019ರ ಏಪ್ರಿಲ್ 13ರಂದು ಇಲ್ಲಿನ ಪ್ರಚಾರ ಸಭೆಯಲ್ಲಿ ರಾಹುಲ್ ಗಾಂಧಿ ಅವರು ಮೋದಿ ಎಂಬ ಉಪನಾಮದ ಬಗ್ಗೆ ಒಂದು ಮಾತು ಆಡಿದರು. ಭಾಷಣದ ಉಳಿದ ಭಾಗ ಯಾರಿಗೂ ನೆನಪಿಲ್ಲ. ಅದೊಂದು ಮಾತು ಮಾನನಷ್ಟ ಮೊಕದ್ದಮೆಯಾಗಿ ಗುಜರಾತಿನ ಸೂರತ್ ನ್ಯಾಯಾಲಯದವರೆಗೆ ಹೋಯಿತು. 2023ರ ಮಾರ್ಚ್‌ನಲ್ಲಿ 2 ವರ್ಷ ಶಿಕ್ಷೆಯಾಗಿ ಸಂಸದ ಸ್ಥಾನವೂ ಹೋಯಿತು. ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟ ಮೇಲಷ್ಟೇ ಅದು ಮರಳಿ ಸಿಕ್ಕಿತು.

ಮುಂದಿನ ಚುನಾವಣೆಯಲ್ಲಾದರೂ ನಮ್ಮ ಅಭ್ಯರ್ಥಿಗಳು ಬೆಂಗಳೂರಿನಲ್ಲಿ ತಯಾರಾದ ರೀಲ್ಸ್‌ಗಳನ್ನು ಸುಮ್ನೆ ಹಂಚುವುದು ಬಿಡಲಿ. ವಾರಕ್ಕೊಮ್ಮೆ ಸ್ಥಳೀಯ ಪತ್ರಕರ್ತರ ಮುಂದೆ ಕುಳಿತು ಕೆ.ಸಿ. ವ್ಯಾಲಿ ನೀರು (ನಮ್ಮ ಕೆರೆಗಳಿಗೆ ಹರಿಸುವ ಬೆಂಗಳೂರಿನ ಸಂಸ್ಕರಿತ ಕೊಳಚೆ ನೀರು), ಟೊಮೆಟೊ ದರದ ಬಗ್ಗೆ ಉತ್ತರ ಕೊಡಲಿ. ಆ ಪ್ರಶ್ನೋತ್ತರಕ್ಕೆ ನಿಮ್ಮ ಪತ್ರಿಕೆಯೂ ಒಂದಿಷ್ಟು ಜಾಗ ಕೊಡಬೇಕು.

– ಒಬ್ಬ ಓದುಗ, ಕೋಲಾರ